ಕಂಪನಿ ಕೆಲಸಕ್ಕೆ ಜರ್ಮನಿಗೆ ಹೊರಟವರಿಗೆ: ಎಡವಟ್ಟುಗಳನ್ನು ತಪ್ಪಿಸುವುದು, ಆದಾಗ ನಿಭಾಯಿಸುವುದು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಂದ ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್‌ಗಳಿಗೆ ಕೆಲಸದ ಮೇಲೆ ಹೋಗಿಬರುವವರು ಬಹಳ ಮಂದಿ ಇದ್ದಾರೆ. ಕೆಲವರು ಕಾರಿನ ಸಾಫ್ಟ್‌ವೇರ್ ಕುರಿತ ಸಭೆಗೆ ಹೋಗುತ್ತಾರೆ, ಕೆಲವರು ಮಾರಿದ ಯಂತ್ರವನ್ನು ತೋರಿಸಿಕೊಡಲು ಹೋಗುತ್ತಾರೆ, ಇನ್ನು ಕೆಲವರು ಹ್ಯಾನೋವರ್‌ನ ಕೈಗಾರಿಕಾ ಮೇಳದಲ್ಲಿ ಮಳಿಗೆ ಹಾಕಲು ಹೋಗುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಟಿಕೆಟ್, ಹೋಟೆಲ್, ವೀಸಾ, ವಿಮೆ ಎಲ್ಲವನ್ನೂ ಕಂಪನಿಯ ಟ್ರಾವೆಲ್ ಡೆಸ್ಕ್ ನೋಡಿಕೊಳ್ಳುವುದರಿಂದ, ತಮ್ಮ ಕಾಗದಪತ್ರಗಳನ್ನು ಒಮ್ಮೆಯೂ ಪೂರ್ತಿ ಓದದೆ ವಿಮಾನ ಹತ್ತುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಇಮಿಗ್ರೇಷನ್ ಅಧಿಕಾರಿ ಪ್ರಶ್ನೆ ಕೇಳಿದಾಗ, ಲಗೇಜ್ ಬಾರದಿದ್ದಾಗ, ಪಾಸ್‌ಪೋರ್ಟ್ ಕಳೆದಾಗ ಕೌಂಟರಿನ ಮುಂದೆ ನಿಲ್ಲಬೇಕಾದವರು ನೀವೊಬ್ಬರೇ. ಇಂಥ ಪ್ರತಿಯೊಂದು ತೊಂದರೆಯೂ ಕೊನೆಗೆ ಒಂದು ಕಾಗದದ ಮೇಲೆ ನಿಂತಿರುತ್ತದೆ, ಆ ಕಾಗದವನ್ನು ಪಡೆಯಬೇಕಾದ ಸ್ಥಳ ಮತ್ತು ಸಮಯ ಎರಡೂ ಗೊತ್ತುಪಡಿಸಿರುತ್ತವೆ. ಎಲ್ಲಿ, ಯಾವಾಗ, ಯಾವ ಕಾಗದ ಎಂಬುದನ್ನು ಹಂತಹಂತವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲ ಹಂತ: ವೀಸಾ ಚೀಟಿಯನ್ನು ನೀವೇ ಓದಿ

ಜರ್ಮನಿಗೆ ಅಲ್ಪಾವಧಿಗೆ ಹೋಗುವವರಿಗೆ ಸಿಗುವುದು ಷೆಂಗೆನ್ ವೀಸಾ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನ ವೀಸಾ. ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಮಾತ್ರ ಷೆಂಗೆನ್ ದೇಶಗಳಲ್ಲಿ ಇರಬಹುದು, ಒಳಗೆ ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಸಲ್ಲಿಸಬಹುದು, ತೀರಾ ತಡವೆಂದರೆ 15 ದಿನ ಮುಂಚೆಯಾದರೂ ಸಲ್ಲಿಸಿರಬೇಕು. ಮೇಳಗಳ ಕಾಲದಲ್ಲಿಯೂ ಬೇಸಿಗೆಯಲ್ಲಿಯೂ ಅರ್ಜಿ ಕೊಡಲು ದಿನ ಸಿಗುವುದೇ ಕಷ್ಟವಾದ್ದರಿಂದ ಆ 15 ದಿನಗಳನ್ನು ನಂಬಿಕೊಂಡು ಕೂರಬಾರದು. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು, ನೀವು ಷೆಂಗೆನ್‌ನಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಕನಿಷ್ಠ 2 ಪುಟಗಳು ಖಾಲಿ ಇರಬೇಕು. ವೀಸಾಕ್ಕೆ ಬೇಕಾದ ಪ್ರಯಾಣ ವಿಮೆಯ ಮೊತ್ತ 30,000 ಯೂರೋಗೆ ಕಡಿಮೆ ಇರುವಂತಿಲ್ಲ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಆ ಚೀಟಿಯಲ್ಲಿ ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು, ಎರಡನೆಯದು ಎಷ್ಟು ದಿನ ಇರಬಹುದು ಎಂಬುದು, ಮೂರನೆಯದು ಎಷ್ಟು ಬಾರಿ ಒಳಗೆ ಬರಬಹುದು ಎಂಬುದು. ಜನ ಎಡವುವುದು ಎರಡನೆಯದರಲ್ಲಿ. ಚೀಟಿಯ ಮೇಲೆ ಒಂದು ತಿಂಗಳ ಅಂತರದ ಎರಡು ದಿನಾಂಕಗಳನ್ನು ಕಂಡು ಇಡೀ ತಿಂಗಳು ತಮ್ಮದೆಂದು ತಿಳಿಯುತ್ತಾರೆ, ಆದರೆ ಅದೇ ಚೀಟಿಯ ಇನ್ನೊಂದು ಮೂಲೆಯಲ್ಲಿ 10 ದಿನ ಎಂದಿದ್ದರೆ ನಿಮಗಿರುವುದು ಆ 10 ದಿನ ಮಾತ್ರ, ಉಳಿದ ದಿನಾಂಕಗಳು ಆ 10 ದಿನಗಳನ್ನು ಹಿಂದೆ ಮುಂದೆ ಸರಿಸಿಕೊಳ್ಳಲು ಕೊಟ್ಟ ಅವಕಾಶ. ಗ್ರಾಹಕರು ಕೆಲಸ ಇನ್ನೊಂದು ವಾರ ಮುಂದುವರಿಯಲಿ ಎಂದು ಕೇಳಿದಾಗ, ಹೋಟೆಲ್ ವಿಸ್ತರಿಸುವ ಮೊದಲು ಈ ಅಂಕಿಯನ್ನು ನೋಡಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ನಿಮ್ಮ ಬರವು ಹೋಗುಗಳನ್ನು ಕಂಪ್ಯೂಟರೇ ದಾಖಲಿಸಿಕೊಳ್ಳುತ್ತದೆ, ಆದ್ದರಿಂದ ಒಂದು ದಿನ ಹೆಚ್ಚಾದರೂ ಅದು ಲೆಕ್ಕದಲ್ಲಿ ಉಳಿಯುತ್ತದೆ, ಮುಂದಿನ ವೀಸಾ ಅರ್ಜಿಯ ವೇಳೆಗೆ ಎದುರಿಗೆ ಬರುತ್ತದೆ.

ಮೂರನೆಯ ಸಂಗತಿಯಲ್ಲಿ ಆಗುವ ಎಡವಟ್ಟು ಬೇರೆ ಬಗೆಯದು. ಒಂದೇ ಪ್ರವೇಶದ ವೀಸಾದಲ್ಲಿ ಮ್ಯೂನಿಕ್‌ನಿಂದ ವಿಯೆನ್ನಾಕ್ಕೋ ಜ್ಯೂರಿಕ್‌ಗೋ ಹೋಗಿಬರಲು ಅಡ್ಡಿಯಿಲ್ಲ, ಏಕೆಂದರೆ ಅವೂ ಷೆಂಗೆನ್ ಒಳಗಿವೆ. ಲಂಡನ್‌ ಷೆಂಗೆನ್‌ಗೆ ಸೇರಿಲ್ಲ. ಲಂಡನ್ ಕಚೇರಿಯಲ್ಲಿ ಎರಡು ದಿನದ ಸಭೆ ಮುಗಿಸಿ ಮತ್ತೆ ಜರ್ಮನಿಗೆ ಬರುತ್ತೇನೆಂದು ಹೊರಟವರ ಬಳಿ ಬ್ರಿಟನ್ ವೀಸಾ ಇದ್ದರೂ, ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಮರಳುವ ದಾರಿ ಮುಚ್ಚಿದಂತೆಯೇ. ಇಂಥ ಪ್ರಯಾಣದ ಸಾಧ್ಯತೆ ಸ್ವಲ್ಪವಿದ್ದರೂ ಅರ್ಜಿಯಲ್ಲೇ ಹಲವು ಪ್ರವೇಶದ ವೀಸಾ ಕೇಳಿ, ಕಾರಣವನ್ನು ಕಂಪನಿಯ ಪತ್ರದಲ್ಲಿ ಬರೆಸಿ.

ಇನ್ನು ಅಧಿಕಾರಿ ಕೇಳುವ ಪ್ರಶ್ನೆ: ಏತಕ್ಕೆ ಬಂದಿದ್ದೀರಿ? ವ್ಯವಹಾರದ ವೀಸಾ ಸಭೆ, ಮಾತುಕತೆ, ಮೇಳಗಳಂಥವಕ್ಕೆ ಕೊಡುವಂಥದ್ದು. ಗ್ರಾಹಕರ ಕಚೇರಿಯಲ್ಲಿ ಕುಳಿತು ಅವರ ನೌಕರನಂತೆ ದಿನನಿತ್ಯದ ಕೆಲಸ ಮಾಡಲು ಬೇರೆ ಅನುಮತಿ ಬೇಕು. ಈ ಗೆರೆಯನ್ನು ಹಗುರವಾಗಿ ನೋಡಬಾರದು. ಅಮೆರಿಕಕ್ಕೆ ಸಂಬಂಧಿಸಿದ ಇಂಥದ್ದೇ ಆರೋಪವೊಂದರಲ್ಲಿ ಬೆಂಗಳೂರಿನ ದೊಡ್ಡ ಐಟಿ ಕಂಪನಿಯೊಂದು, ತಪ್ಪೆಸಗಿದ್ದನ್ನು ಒಪ್ಪದಿದ್ದರೂ, 2013ರಲ್ಲಿ ಅಲ್ಲಿನ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿಮ್ಮ ಆಹ್ವಾನ ಪತ್ರದಲ್ಲಿ ಬರೆದಿರುವ ಕೆಲಸವೂ ನೀವು ನಿಜವಾಗಿ ಮಾಡಲಿರುವ ಕೆಲಸವೂ ಒಂದೇ ಆಗಿರಬೇಕು. ಆಗಿಲ್ಲವೆಂದರೆ ಹೊರಡುವ ಮೊದಲೇ ಕಂಪನಿಯ ಕಾನೂನು ವಿಭಾಗವನ್ನು ಕೇಳಿ ಸರಿಪಡಿಸಿಕೊಳ್ಳುವುದು ನಿಮ್ಮ ಹಕ್ಕು. ಮೇಲಧಿಕಾರಿ ಬೇಸರಪಟ್ಟುಕೊಂಡಾರು ಎಂಬ ಸಂಕೋಚ ಇಲ್ಲಿ ಬೇಡ, ವಾಪಸು ಕಳಿಸಿದರೆ ಮುದ್ರೆ ಬೀಳುವುದು ನಿಮ್ಮ ಪಾಸ್‌ಪೋರ್ಟ್ ಮೇಲೆ. ಆಹ್ವಾನ ಪತ್ರ, ಹೋಟೆಲ್ ಬುಕಿಂಗ್, ಮರಳುವ ಟಿಕೆಟ್, ವಿಮೆಯ ಪತ್ರಗಳ ಮುದ್ರಿತ ಪ್ರತಿಗಳನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳಿ, ಏಕೆಂದರೆ ವಿಮಾನ ಇಳಿದ ಗಳಿಗೆಯಲ್ಲಿ ಫೋನಿಗೆ ಇಂಟರ್ನೆಟ್ ಸಿಗುತ್ತದೆಂಬ ಖಾತ್ರಿಯಿಲ್ಲ.

ಎರಡನೆಯ ಹಂತ: ಹೆಸರು ಮತ್ತು ಟಿಕೆಟ್

ಕನ್ನಡಿಗರ ಹೆಸರುಗಳು ಈ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಡುತ್ತವೆ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬರೆಯುವ ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಕಚೇರಿಯ ದಾಖಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆ ಇದ್ದಾಗ ಟ್ರಾವೆಲ್ ಡೆಸ್ಕ್ ಕಚೇರಿಯ ದಾಖಲೆ ನೋಡಿ ಟಿಕೆಟ್ ಮಾಡಿಬಿಡುತ್ತದೆ. ಟಿಕೆಟ್ ಬಂದ ಕೂಡಲೇ ಪಾಸ್‌ಪೋರ್ಟ್ ಪುಟದ ಕೆಳಭಾಗದಲ್ಲಿ ಯಂತ್ರ ಓದಲೆಂದು ಮುದ್ರಿಸಿರುವ ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ, ವ್ಯತ್ಯಾಸ ಕಂಡರೆ ಅದೇ ದಿನ ತಿದ್ದಿಸಿ. ದುಬೈ ಅಥವಾ ಅಬುಧಾಬಿಯಲ್ಲಿ ಒಂದು ದಿನ ಇಳಿದು ಮುಂದೆ ಹೋಗುವ ಯೋಚನೆಯಿದ್ದರೆ ಇನ್ನೂ ಒಂದು ಮಾತು ನೆನಪಿರಲಿ: ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿಯ ವೀಸಾದಲ್ಲಿ ಪ್ರವೇಶ ಕೊಡದಿರಲು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು, ಆಮೇಲೆ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಸಡಿಲಿಸಿತು. ಪದೇಪದೇ ವಿದೇಶಕ್ಕೆ ಹೋಗಬೇಕಾದ ಕೆಲಸದಲ್ಲಿರುವವರು ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರ್‌ನೇಮ್ ತುಂಬಿಸಿಕೊಳ್ಳುವುದು ಒಳ್ಳೆಯದು.

ದಿನಾಂಕದ ಗೊಂದಲವೂ ಸಾಮಾನ್ಯ. ಬೆಂಗಳೂರಿನಿಂದ ಯೂರೋಪಿನ ಕಡೆಗೆ ಹೋಗುವ ಅನೇಕ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. 17ನೇ ತಾರೀಖು ಬೆಳಗಿನ ಜಾವ 1.30ರ ವಿಮಾನವೆಂದರೆ 16ನೇ ತಾರೀಖು ರಾತ್ರಿ ಊಟ ಮಾಡಿ ಮನೆಯಿಂದ ಹೊರಡಬೇಕು. ಇದನ್ನು 17ರ ರಾತ್ರಿ ಎಂದು ತಿಳಿದು ಒಂದು ದಿನ ತಡವಾಗಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರುವವರು ಇದ್ದಾರೆ, ಅವರಿಗೆ ಸಿಗುವ ಸಹಾಯ ಬಹಳ ಕಡಿಮೆ. ಕ್ಯಾಲೆಂಡರಿನಲ್ಲಿ ವಿಮಾನದ ಸಮಯದ ಬದಲು ಮನೆ ಬಿಡುವ ಸಮಯವನ್ನು ಬರೆದಿಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ನಡುವೆ ವಿಮಾನ ಬದಲಿಸುವ ಪ್ರಯಾಣವಾದರೆ ಎಲ್ಲವೂ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಕೊಂಡರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಾಗುವುದಿಲ್ಲ. ನಡುವೆ ಲಗೇಜನ್ನು ನೀವೇ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕಾಗಿ ಆ ದೇಶದೊಳಗೆ ಹೋಗಲು ವೀಸಾವೂ ಬೇಕಾಗಬಹುದು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಷೆಂಗೆನ್ ಒಳಗಿನ ಇನ್ನೊಂದು ಊರಿಗೆ ವಿಮಾನ ಬದಲಿಸುವವರ ಇಮಿಗ್ರೇಷನ್ ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ. ಸಾಲಿಗೆ ಸಮಯ ಬಿಟ್ಟು ಎರಡನೆಯ ವಿಮಾನ ಆರಿಸಿ.

ಮೂರನೆಯ ಹಂತ: ಪೆಟ್ಟಿಗೆಯೊಳಗೆ ಏನಿದೆ ಎಂಬ ವಿಚಾರ

ನಮ್ಮ ಮನೆಗಳಲ್ಲಿ ವಿದೇಶಕ್ಕೆ ಹೊರಟವರ ಪೆಟ್ಟಿಗೆಗೆ ಕಚೇರಿಯ ಸಾಮಾನಿಗಿಂತ ತಿಂಡಿಯ ಡಬ್ಬಿಗಳೇ ಹೆಚ್ಚು ಸೇರುತ್ತವೆ. ಅದರಲ್ಲಿ ತಪ್ಪಿಲ್ಲ, ಚಟ್ನಿಪುಡಿ, ಹುರಿಗಾಳು, ಅವಲಕ್ಕಿ, ಪುಳಿಯೋಗರೆ ಪುಡಿ ಯಾವ ತಕರಾರನ್ನೂ ತರುವುದಿಲ್ಲ. ಆದರೆ ಕೊಲ್ಲಿ ದೇಶಗಳ ಮೂಲಕ ಹೋಗುವವರು ಗಸಗಸೆಯನ್ನು ಯಾವ ರೂಪದಲ್ಲಿಯೂ ಒಯ್ಯಬಾರದು. ನಮಗದು ಪಾಯಸದ, ಸಾಗುವಿನ ಸಾಮಾನು. ಯುಎಇ, ಸೌದಿ ಅರೇಬಿಯಾಗಳ ಕಾನೂನಿನಲ್ಲಿಯೂ ಸಿಂಗಪುರದಲ್ಲಿಯೂ ಅದು ಅಫೀಮಿನ ಗಿಡಕ್ಕೆ ಸೇರಿದ ನಿಷಿದ್ಧ ವಸ್ತು. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿದೆಯೇ ಎಂದು ಕೇಳಿ ತಿಳಿದುಕೊಂಡೇ ಕಟ್ಟಿಸಿಕೊಳ್ಳಿ. ಯೂರೋಪಿನ ಒಕ್ಕೂಟ ಹೊರದೇಶದ ಮಾಂಸ, ಹಾಲು, ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವುದನ್ನು ತಡೆದಿರುವುದರಿಂದ ತುಪ್ಪ, ಪನೀರ್, ಖೋವಾ ಬೇಡ. ಹಸಿ ಕರಿಬೇವು, ಮಾವಿನಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ಡುರಿಯನ್ ಎಂಬ ಐದಕ್ಕೆ ಮಾತ್ರ ವಿನಾಯಿತಿ. ಬೇರೆ ದೇಶಗಳು ಇದಕ್ಕಿಂತಲೂ ಬಿಗಿ. 2025ರಲ್ಲಿ ಮಲಯಾಳಂ ನಟಿಯೊಬ್ಬರು ಮಲ್ಲಿಗೆ ಮಾಲೆಯೊಂದಿಗೆ ಮೆಲ್ಬರ್ನ್‌ನಲ್ಲಿ ಇಳಿದು 1,980 ಆಸ್ಟ್ರೇಲಿಯನ್ ಡಾಲರ್ ದಂಡಕ್ಕೆ ಒಳಗಾದರು. ಗ್ರಾಹಕರಿಗೆ ಕಾಣಿಕೆ ಒಯ್ಯಬೇಕೆಂದರೆ ಚನ್ನಪಟ್ಟಣದ ಗೊಂಬೆ ಒಳ್ಳೆಯದು, ಅದನ್ನು ಯಾವ ಅಧಿಕಾರಿಯೂ ತಡೆಯುವುದಿಲ್ಲ.

ಔಷಧಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳನ್ನು ಯುಎಇಗೆ ಒಯ್ಯಲು ಅಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕು. ನಿತ್ಯದ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸದೆ, ವೈದ್ಯರ ಚೀಟಿಯೊಂದಿಗೆ ಕ್ಯಾಬಿನ್ ಬ್ಯಾಗಿನಲ್ಲಿಡಿ. ಚೀಟಿಯಲ್ಲಿ ಕಂಪನಿಯ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿ, ನಮ್ಮ ಬ್ರ್ಯಾಂಡುಗಳು ಅಲ್ಲಿನ ವೈದ್ಯರಿಗೆ ಪರಿಚಿತವಲ್ಲ.

ಪವರ್ ಬ್ಯಾಂಕ್ ಯಾವತ್ತೂ ಚೆಕ್-ಇನ್ ಲಗೇಜಿನಲ್ಲಿ ಇರಕೂಡದು. ಬ್ಯಾಟರಿಯ ಶಕ್ತಿಯ ಅಳತೆಯಾದ ವ್ಯಾಟ್-ಅವರ್ ಲೆಕ್ಕದಲ್ಲಿ 100ರವರೆಗಿನದನ್ನು ಕೈಯಲ್ಲಿ ಒಯ್ಯಬಹುದು, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ. ಮೈಮೇಲಿನ ಬರಹ ಅಳಿಸಿಹೋಗಿದ್ದರೆ ಭದ್ರತಾ ತಪಾಸಣೆಯಲ್ಲಿ ಅದನ್ನು ತೆಗೆದಿಟ್ಟುಕೊಳ್ಳಬಹುದು.

ಪೀಣ್ಯದ ಕಾರ್ಖಾನೆಗಳ ಕಡೆಯವರಿಗೆ ಒಂದು ವಿಶೇಷ ಮಾತು. ಅಳತೆಯ ಉಪಕರಣ, ಪ್ರದರ್ಶನದ ಯಂತ್ರಭಾಗ, ಮಾದರಿಗಳನ್ನು ಒಯ್ದು ಮತ್ತೆ ತರುವವರು ಎಟಿಎ ಕಾರ್ನೆ ಮಾಡಿಸಿಕೊಳ್ಳಬೇಕು. ಸಾಮಾನಿಗೆ ಇದೇ ಪಾಸ್‌ಪೋರ್ಟ್ ಇದ್ದಂತೆ. ಭಾರತದಲ್ಲಿ ಇದನ್ನು ಫಿಕ್ಕಿ ಎಂಬ ಉದ್ಯಮಗಳ ಒಕ್ಕೂಟ ಕೊಡುತ್ತದೆ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಇದಿದ್ದರೆ ಅಲ್ಲಿ ಸುಂಕ ಕಟ್ಟಬೇಕಿಲ್ಲ. ಆದರೆ ನಾಲ್ಕು ಕಡೆ ಮುದ್ರೆ ಬೀಳಬೇಕು: ಬೆಂಗಳೂರಿನಲ್ಲಿ ಹೊರಡುವಾಗ, ಯೂರೋಪಿನ ಒಕ್ಕೂಟದಲ್ಲಿ ಮೊದಲು ಇಳಿದ ಕಡೆ, ಅಲ್ಲಿಂದ ಹೊರಡುವಾಗ, ಬೆಂಗಳೂರಿನಲ್ಲಿ ಮರಳಿ ಇಳಿದಾಗ. ಕಸ್ಟಮ್ಸ್‌ಗೆ ತೋರಿಸಲು ಏನೂ ಇಲ್ಲದವರ ಹಸಿರು ಚಾನೆಲ್‌ನಲ್ಲಿ ಸುಮ್ಮನೆ ನಡೆದುಬಿಟ್ಟರೆ ಮುದ್ರೆ ತಪ್ಪಿಹೋಗುತ್ತದೆ, ತಿಂಗಳುಗಳ ನಂತರ ಸುಂಕದ ಬೇಡಿಕೆ ಕಂಪನಿಗೆ ಬರುತ್ತದೆ. ಕೆಂಪು ಚಾನೆಲ್‌ಗೆ ಹೋಗಿ ನೀವಾಗಿಯೇ ಮುದ್ರೆ ಕೇಳಿ ಹಾಕಿಸಿಕೊಳ್ಳಿ, ಅದಕ್ಕೆ ಬೇಕಾದ ಸಮಯವನ್ನು ಚೆಕ್-ಇನ್‌ಗೆ ಮುಂಚೆಯೇ ಇಟ್ಟುಕೊಳ್ಳಿ.

ನಾಲ್ಕನೆಯ ಹಂತ: ಹಣ ಮತ್ತು ಫೋನು

ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮುಚ್ಚಿದ ಸ್ಥಿತಿಯಲ್ಲೇ ಬರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನೀವೇ ತೆರೆಯಬೇಕು. ಒಟಿಪಿ ಬರುವುದು ಭಾರತದ ಸಿಮ್‌ಗೆ. ಆದ್ದರಿಂದ ಅಲ್ಲಿಯ ಸಿಮ್ ಹಾಕಿಕೊಂಡರೂ ಇಲ್ಲಿಯದನ್ನು ರೋಮಿಂಗ್‌ನಲ್ಲಿ ಜೀವಂತವಾಗಿಡಿ. ಕಾರ್ಡ್ ಯಂತ್ರ ರೂಪಾಯಿಯಲ್ಲೋ ಯೂರೋದಲ್ಲೋ ಎಂದು ಕೇಳಿದರೆ ಯೂರೋ ಎಂದೇ ಒತ್ತಿ, ರೂಪಾಯಿಯ ಲೆಕ್ಕದಲ್ಲಿ ಅವರು ಹಾಕುವ ದರ ಯಾವಾಗಲೂ ದುಬಾರಿ. ಎರಡು ಕಾರ್ಡುಗಳಿದ್ದರೆ ಒಂದನ್ನು ಪರ್ಸಿನಲ್ಲಿಯೂ ಇನ್ನೊಂದನ್ನು ಹೋಟೆಲ್ ಕೋಣೆಯಲ್ಲಿಯೂ ಇಡಿ. ಜರ್ಮನಿಯಲ್ಲಿ ಸಣ್ಣ ಬೇಕರಿ, ಟೀ ಅಂಗಡಿಗಳಲ್ಲಿ ಈಗಲೂ ನಗದು ಕೇಳುವುದುಂಟು, ಸ್ವಲ್ಪ ಯೂರೋ ನೋಟುಗಳು ಜೇಬಿನಲ್ಲಿರಲಿ.

ಐದನೆಯ ಹಂತ: ಲಗೇಜ್ ಬಾರದಿದ್ದಾಗ

ಬೆಲ್ಟ್ ನಿಂತಿದೆ, ನಿಮ್ಮ ಪೆಟ್ಟಿಗೆ ಬಂದಿಲ್ಲ. ಸೋಮವಾರ ಬೆಳಿಗ್ಗೆ ಕಾರ್ಖಾನೆಯಲ್ಲಿರಬೇಕು, ಹೊರಗೆ ಟ್ಯಾಕ್ಸಿ ಕಾಯುತ್ತಿದೆ, ಹೋಟೆಲಿಗೆ ಹೋಗಿ ಫೋನ್ ಮಾಡಿದರಾಯಿತು ಎನ್ನಿಸುತ್ತದೆ. ಹಾಗೆ ಮಾಡಬೇಡಿ. ಲಗೇಜ್ ಪಡೆಯುವ ಆ ಜಾಗದಿಂದ ಹೊರಗೆ ಕಾಲಿಡುವ ಮೊದಲೇ ಲಗೇಜ್ ಕೌಂಟರಿಗೆ ಹೋಗಿ ಪಿಐಆರ್ ಎಂದು ಕರೆಯುವ ದೂರಿನ ವರದಿಯನ್ನು ಬರೆಸಬೇಕು. ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿದ ಲಗೇಜ್ ಚೀಟಿಯನ್ನು ತೋರಿಸಿ, ಪೆಟ್ಟಿಗೆಯ ಬಣ್ಣ, ಕಂಪನಿ, ಚಕ್ರಗಳ ಸಂಖ್ಯೆ, ಹೊರಗಿನ ಗುರುತುಗಳನ್ನು ಹೇಳಿ. ಚೆಕ್-ಇನ್ ಮಾಡುವ ಮೊದಲು ಪೆಟ್ಟಿಗೆಯ ಒಳಗೂ ಹೊರಗೂ ಒಂದೊಂದು ಫೋಟೋ ತೆಗೆದಿಟ್ಟಿದ್ದರೆ ಇಲ್ಲಿ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಕೊನೆಯಲ್ಲಿ ಅವರು ಕೊಡುವ ಕಾಗದದ ಮೇಲೆ 10 ಅಕ್ಷರ-ಅಂಕಿಗಳ ಸಂಖ್ಯೆಯೊಂದಿರುತ್ತದೆ: ಮೊದಲ ಮೂರು ಅಕ್ಷರ ವಿಮಾನ ನಿಲ್ದಾಣದ ಗುರುತು, ನಂತರದ ಎರಡು ವಿಮಾನ ಸಂಸ್ಥೆಯದು, ಉಳಿದ ಐದು ಅಂಕಿಗಳು ನಿಮ್ಮ ದೂರಿನದು. ಈ ಸಂಖ್ಯೆಯಿಲ್ಲದೆ ವಿಮಾನ ಸಂಸ್ಥೆಯೂ ವಿಮಾ ಕಂಪನಿಯೂ ನಿಮ್ಮ ಮಾತನ್ನು ಮುಂದೆ ಕೇಳುವುದಿಲ್ಲ. ಹೋಟೆಲಿನ ಪೂರ್ತಿ ವಿಳಾಸ, ನೀವು ಅಲ್ಲಿ ಎಷ್ಟನೇ ತಾರೀಖಿನವರೆಗೆ ಇರುತ್ತೀರಿ, ಮುಂದೆ ಯಾವ ಊರಿಗೆ ಹೋಗುತ್ತೀರಿ ಎಂಬುದನ್ನೂ ಅದರಲ್ಲೇ ಬರೆಸಿ, ಇಲ್ಲವಾದರೆ ನೀವು ಹ್ಯಾಂಬರ್ಗ್‌ಗೆ ಹೋದ ಮೇಲೆ ಪೆಟ್ಟಿಗೆ ಸ್ಟುಟ್‌ಗಾರ್ಟ್‌ಗೆ ಬರುತ್ತದೆ.

ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಎಂಜಿನಿಯರೊಬ್ಬರಿಗೆ ಇದೇ ಪರಿಸ್ಥಿತಿ ಒಂದು ಭಾನುವಾರ ಬಂದಿತ್ತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಅವರ ಸೇಫ್ಟಿ ಬೂಟುಗಳು ಕಳೆದ ಪೆಟ್ಟಿಗೆಯಲ್ಲಿದ್ದವು, ಬೂಟಿಲ್ಲದೆ ಕಾರ್ಖಾನೆಯೊಳಗೆ ಬಿಡುವುದಿಲ್ಲ. ಅವರು ಪಿಐಆರ್ ಬರೆಸಿ, ಅದರ ಫೋಟೋವನ್ನು ಆ ಸಂಜೆಯೇ ಗ್ರಾಹಕರ ಕಡೆಯ ವ್ಯವಸ್ಥಾಪಕರಿಗೆ ಕಳಿಸಿ, ತಮ್ಮ ಪಾದದ ಅಳತೆಯನ್ನೂ ತಿಳಿಸಿದರು. ಬೆಳಿಗ್ಗೆ ಗೇಟಿನ ಭದ್ರತಾ ಕೊಠಡಿಯಲ್ಲಿ ಅತಿಥಿಗಳಿಗೆಂದು ಇಟ್ಟಿದ್ದ ಬೂಟುಗಳ ಜೋಡಿ ಅವರಿಗಾಗಿ ಕಾದಿತ್ತು. ಭಾನುವಾರವೂ ತೆರೆದಿರುವ ದೊಡ್ಡ ರೈಲು ನಿಲ್ದಾಣದ ಅಂಗಡಿಗಳಲ್ಲಿ ಟೂತ್‌ಬ್ರಷ್, ಒಳ ಉಡುಪು, ಅಂಗಿ ಕೊಂಡು ರಸೀದಿಗಳನ್ನು ಪಾಸ್‌ಪೋರ್ಟ್ ಕವರಿನಲ್ಲಿ ಇಟ್ಟುಕೊಂಡರು. ಆ ಖರ್ಚೆಲ್ಲ ಆಮೇಲೆ ಮರಳಿ ಬಂತು. ತೊಂದರೆಯನ್ನು ಗ್ರಾಹಕರಿಗೆ ಮುಂಚೆಯೇ ತಿಳಿಸುವುದರಲ್ಲಿ ನಾಚಿಕೆಯೇನೂ ಇಲ್ಲ, ಅಲ್ಲಿನವರು ತಡವಾಗಿ ತಿಳಿಸುವುದನ್ನು ಮೆಚ್ಚುವುದಿಲ್ಲ, ಆದರೆ ಮೊದಲೇ ಹೇಳಿದರೆ ತಾವಾಗಿಯೇ ದಾರಿ ಹುಡುಕುತ್ತಾರೆ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜ್ ನಷ್ಟಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ಭಾರತವೂ 2009ರಿಂದ ಇದರಲ್ಲಿದೆ. 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ ವಿಮಾನ ಸಂಸ್ಥೆಯ ಹೊಣೆಯ ಮಿತಿ, ಎಸ್‌ಡಿಆರ್ ಎಂಬ ಅಂತರರಾಷ್ಟ್ರೀಯ ಹಣದ ಮಾನದಲ್ಲಿ, 1,519 ಎಸ್‌ಡಿಆರ್, ಅಂದರೆ ಸುಮಾರು 2,000 ಅಮೆರಿಕನ್ ಡಾಲರ್. ಪೆಟ್ಟಿಗೆ ಒಡೆದು ಬಂದಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನಗಳೊಳಗೆ ಬರಹದಲ್ಲಿ ಪರಿಹಾರ ಕೇಳಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದದ್ದೆಂದೇ ಲೆಕ್ಕ. ಪಿಐಆರ್ ಬರೆಸಿದ ಮಾತ್ರಕ್ಕೆ ಪರಿಹಾರ ಕೇಳಿದಂತಾಗುವುದಿಲ್ಲ, ಅದು ಬೇರೆ ಅರ್ಜಿ. ಈ ವ್ಯತ್ಯಾಸ ತಿಳಿಯದೆ ದಿನ ಮೀರಿಸಿಕೊಂಡವರು ಬಹಳ.

ಆರನೆಯ ಹಂತ: ವಿಮಾನ ತಡವಾದಾಗ, ರದ್ದಾದಾಗ

ಯೂರೋಪಿನ ಒಕ್ಕೂಟದ 261/2004 ಸಂಖ್ಯೆಯ ನಿಯಮ ಭಾರತೀಯರಿಗೂ ಅನ್ವಯಿಸುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಎಲ್ಲ ಸಂಸ್ಥೆಗಳ ವಿಮಾನಗಳಿಗೂ, ಬೆಂಗಳೂರಿನಂಥ ಹೊರಗಿನ ಊರಿನಿಂದ ಅಲ್ಲಿಗೆ ಬರುವ ಯೂರೋಪಿನ ಸಂಸ್ಥೆಗಳ ವಿಮಾನಗಳಿಗೂ ಅದು ಅನ್ವಯ. 3,500 ಕಿಲೋಮೀಟರಿಗಿಂತ ಹೆಚ್ಚಿನ ದೂರದಲ್ಲಿ ಗುರಿ ಮುಟ್ಟುವುದು 4 ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ 600 ಯೂರೋ ಪರಿಹಾರ, 3ರಿಂದ 4 ಗಂಟೆಯೊಳಗಿನ ತಡಕ್ಕೆ 300 ಯೂರೋ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಇರುವ ದೂರ ಈ 3,500 ಕಿಲೋಮೀಟರಿನ ಎರಡು ಪಟ್ಟು. ಫ್ರಾಂಕ್‌ಫರ್ಟ್‌ನಿಂದ ದುಬೈ ಮೂಲಕ ಒಂದೇ ಬುಕಿಂಗ್‌ನಲ್ಲಿ ಮರಳುವವರಿಗೆ ದುಬೈನಲ್ಲಾದ ತಡವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಿಂದ ಕೊಲ್ಲಿಯ ಸಂಸ್ಥೆಯ ವಿಮಾನದಲ್ಲಿ ಹೋಗುವಾಗ ಬರುವುದಿಲ್ಲ. ಟಿಕೆಟಿನ ಹಣ ಕೊಟ್ಟವರು ಕಂಪನಿಯಾದರೂ ಈ ಪರಿಹಾರ ಪ್ರಯಾಣಿಕರಿಗೆ ಸೇರಿದ್ದು.

ಹವಾಮಾನ, ಯುದ್ಧ, ವಾಯುಪ್ರದೇಶದ ಮುಚ್ಚುಗಡೆಗಳಂಥ ಅಸಾಧಾರಣ ಕಾರಣಗಳಿದ್ದರೆ ಹಣದ ಪರಿಹಾರ ಸಿಗುವುದಿಲ್ಲ, ಆದರೂ ಊಟ, ವಸತಿ ಒದಗಿಸುವ ಹೊಣೆ ಸಂಸ್ಥೆಯ ಮೇಲೆ ಉಳಿದೇ ಇರುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನ ಆಕಾಶವೇ ದಿನಗಟ್ಟಲೆ ಮುಚ್ಚಿಹೋಗಿತ್ತು, ಆ ಪ್ರಕರಣದಲ್ಲಿಯೇ ಯೂರೋಪಿನ ನ್ಯಾಯಾಲಯ 2013ರಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. 2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶ ಮುಚ್ಚಿದಾಗ ದೋಹಾ ಮೂಲಕ ಹೋಗಬೇಕಿದ್ದವರು ನಡುದಾರಿಯಲ್ಲಿ ಸಿಲುಕಿದರು. ಇಂಥ ದಿನ ಸಾಲಿನಲ್ಲಿ ನಿಂತಿರುವಾಗಲೇ ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿಯೂ ಫೋನಿನಲ್ಲಿಯೂ ಏಕಕಾಲಕ್ಕೆ ಪ್ರಯತ್ನಿಸಿ, ಟ್ರಾವೆಲ್ ಡೆಸ್ಕ್‌ಗೂ ಸಂದೇಶ ಕಳಿಸಿ. ತಡಕ್ಕೆ ಕಾರಣವೇನೆಂದು ಬರಹದಲ್ಲಿ ಕೇಳಿ, ಫಲಕದ ಫೋಟೋ ತೆಗೆಯಿರಿ, ಬೋರ್ಡಿಂಗ್ ಪಾಸನ್ನು ಎಸೆಯಬೇಡಿ. ಟಿಕೆಟ್ ರದ್ದು ಮಾಡಿ ಹಣ ವಾಪಸು ಪಡೆಯುವ ಗುಂಡಿಯನ್ನು ಗಾಬರಿಯಲ್ಲಿ ಒತ್ತಬೇಡಿ, ಒತ್ತಿದರೆ ಬೇರೆ ವಿಮಾನದಲ್ಲಿ ಕಳಿಸುವ ಅವರ ಹೊಣೆ ಅಲ್ಲಿಗೆ ಮುಗಿಯುತ್ತದೆ.

ಏಳನೆಯ ಹಂತ: ಊರಿನೊಳಗೆ

ಜರ್ಮನಿಯಲ್ಲಿ ಒಂದೇ ಹೆಸರಿನ ಊರುಗಳು ಹಲವು. ಎಲ್ಲರಿಗೂ ಗೊತ್ತಿರುವ ಫ್ರಾಂಕ್‌ಫರ್ಟ್ ಮೈನ್ ನದಿಯ ದಡದ್ದು. ಓಡರ್ ನದಿಯ ದಡದಲ್ಲಿ, ಪೋಲೆಂಡ್ ಗಡಿಯಲ್ಲಿ ಇನ್ನೊಂದು ಫ್ರಾಂಕ್‌ಫರ್ಟ್ ಇದೆ. ಹಾನ್ ಎಂಬಲ್ಲಿರುವ ವಿಮಾನ ನಿಲ್ದಾಣವೂ ಫ್ರಾಂಕ್‌ಫರ್ಟ್ ಹೆಸರನ್ನು ಹೊತ್ತಿದೆ, ಊರಿನಿಂದ 100 ಕಿಲೋಮೀಟರಿಗಿಂತ ದೂರದಲ್ಲಿದೆ. ನೊಯ್‌ಸ್ಟಾಟ್ ಎಂಬ ಹೆಸರಿನ ಊರುಗಳಂತೂ ಲೆಕ್ಕವಿಲ್ಲದಷ್ಟು. ಹೋಟೆಲ್ ಬುಕ್ ಮಾಡುವಾಗಲೂ ರೈಲು ಟಿಕೆಟ್ ತೆಗೆಯುವಾಗಲೂ ಗ್ರಾಹಕರಿಂದ ಪಿನ್‌ಕೋಡ್ ಕೇಳಿ ಪಡೆದು ಅದರ ಆಧಾರದಲ್ಲೇ ಹುಡುಕಿ.

ಮ್ಯೂನಿಕ್, ಬರ್ಲಿನ್‌ಗಳಲ್ಲಿ ಊರೊಳಗಿನ ರೈಲಿಗೆ ಯಂತ್ರದಿಂದ ಕೊಂಡ ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದಂತೆಯೇ, ದಂಡ 60 ಯೂರೋ, ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ದೂರದ ರೈಲುಗಳ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಆದರೆ ರೈಲೇ ತಡವಾಗಿ ನೀವು 20 ನಿಮಿಷಕ್ಕಿಂತ ತಡವಾಗಿ ತಲುಪುವಂತಾದರೆ ಬೇರೆ ರೈಲು ಹಿಡಿಯಬಹುದು. ಒಂದು ಗಂಟೆ ತಡಕ್ಕೆ ಟಿಕೆಟಿನ 25 ಶೇಕಡಾ, ಎರಡು ಗಂಟೆಗೆ 50 ಶೇಕಡಾ ಹಣ ಮರಳುತ್ತದೆ. ವಿಮಾನ ಹಿಡಿಯಬೇಕಾದ ದಿನ ಕೊನೆಯ ರೈಲನ್ನು ಎಂದಿಗೂ ನೆಚ್ಚಬೇಡಿ.

ಎಂಟನೆಯ ಹಂತ: ಪಾಸ್‌ಪೋರ್ಟ್ ಕಳೆದರೆ

ಮೊದಲು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ನಂತರ ಭಾರತದ ಕಾನ್ಸುಲೇಟ್. ಜರ್ಮನಿಯಲ್ಲಿ ಬರ್ಲಿನ್‌ನಲ್ಲಿ ರಾಯಭಾರ ಕಚೇರಿಯೂ ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ಗಳಲ್ಲಿ ಕಾನ್ಸುಲೇಟ್‌ಗಳೂ ಇವೆ, ನೀವಿರುವ ರಾಜ್ಯ ಯಾವುದರ ವ್ಯಾಪ್ತಿಗೆ ಬರುತ್ತದೆಂದು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ. ಬೇಗ ಮರಳಬೇಕಾದವರಿಗೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಭಾರತಕ್ಕೆ ಒಮ್ಮೆ ಮರಳಲು ಮಾತ್ರ ಸಲ್ಲುವ ಕಾಗದ. ಅದನ್ನು ಹಿಡಿದು ಹೊರಡುವಾಗ ಸಾಧ್ಯವಾದರೆ ನೇರ ವಿಮಾನವನ್ನೇ ಹಿಡಿಯಿರಿ, ನಡುವೆ ಇಳಿಯುವ ದೇಶ ಅದನ್ನು ಒಪ್ಪುತ್ತದೆಯೇ ಎಂಬ ತಲೆನೋವು ತಪ್ಪುತ್ತದೆ. ಕಳೆದ ಪಾಸ್‌ಪೋರ್ಟಿನಲ್ಲೇ ವೀಸಾ ಇತ್ತಾದ್ದರಿಂದ ಅದರ ಪ್ರತಿ ಮತ್ತು ಪೊಲೀಸ್ ದೂರು ಎರಡನ್ನೂ ಹೊರಡುವಾಗ ಗಡಿ ಅಧಿಕಾರಿಗೆ ತೋರಿಸಬೇಕಾಗುತ್ತದೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟಗಳ ಚಿತ್ರ ನಿಮ್ಮ ಈಮೇಲ್‌ನಲ್ಲಿಯೂ ಮನೆಯವರ ಬಳಿಯೂ ಇರಲಿ, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೋಗಳು ಪೆಟ್ಟಿಗೆಯಲ್ಲಿರಲಿ. ಯಾವುದೋ ಕಾರಣಕ್ಕೆ ಪೊಲೀಸರು ನಿಮ್ಮನ್ನು ತಡೆದಿಟ್ಟರೆ ಭಾರತದ ಕಾನ್ಸುಲೇಟ್‌ಗೆ ತಿಳಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟಿದೆ. ಕೇಳಿದರೆ ತಿಳಿಸಲೇಬೇಕು, ಆದ್ದರಿಂದ ಬಾಯಿಬಿಟ್ಟು ಕೇಳಿ. ಅಪರಿಚಿತ ಊರಿನಲ್ಲಿ ನಮ್ಮವರ ದನಿ ಬೇಕೆನಿಸಿದಾಗ ಫ್ರಾಂಕ್‌ಫರ್ಟ್ ಸುತ್ತಿನ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನ ಸಿರಿಗನ್ನಡಕೂಟಗಳಂಥ ಕನ್ನಡಿಗರ ಬಳಗಗಳೂ ಅಲ್ಲಿವೆ.

ಒಂಬತ್ತನೆಯ ಹಂತ: ಆರೋಗ್ಯ ಕೆಟ್ಟರೆ

ಪ್ರಾಣಕ್ಕೆ ಅಪಾಯವಿದ್ದಾಗ ಯೂರೋಪಿನೆಲ್ಲೆಡೆ 112. ರಾತ್ರಿ ಜ್ವರ, ಹೊಟ್ಟೆನೋವಿನಂಥ, ಆಂಬುಲೆನ್ಸ್ ಬೇಡದ ತೊಂದರೆಗೆ ಜರ್ಮನಿಯಲ್ಲಿ 116117. ನಮ್ಮಲ್ಲಿಯಂತೆ ಬೀದಿಯ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಆ್ಯಂಟಿಬಯೋಟಿಕ್ ಸಿಗುವುದಿಲ್ಲ, ಪ್ಯಾರಾಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲೇ ಸಿಗಬೇಕು, ಸೂಪರ್ ಮಾರ್ಕೆಟಿನಲ್ಲಿ ಇರುವುದಿಲ್ಲ. ಭಾನುವಾರ ಮತ್ತು ರಾತ್ರಿ ಸರದಿಯ ಪ್ರಕಾರ ತೆರೆದಿರುವ ಅಂಗಡಿ ಯಾವುದೆಂಬುದನ್ನು ಪ್ರತಿ ಔಷಧಿ ಅಂಗಡಿಯ ಬಾಗಿಲಿನ ಮೇಲೆ ಅಂಟಿಸಿರುತ್ತಾರೆ. ಆಸ್ಪತ್ರೆಗೆ ಸೇರಬೇಕಾದರೆ ಸೇರುವ ಮೊದಲು ಅಥವಾ ಆದಷ್ಟು ಬೇಗ ವಿಮಾ ಕಂಪನಿಯ ಸಹಾಯವಾಣಿಗೆ ತಿಳಿಸಿ ಪ್ರಕರಣದ ಸಂಖ್ಯೆ ಪಡೆಯಿರಿ. ತಿಳಿಸದೆ ಹೋದರೆ ಬಿಲ್ಲನ್ನು ನೀವೇ ಕಟ್ಟಿ ಆಮೇಲೆ ಅಲೆಯಬೇಕಾಗುತ್ತದೆ. ಮಧುಮೇಹ, ರಕ್ತದೊತ್ತಡಗಳಿದ್ದರೆ ಅದನ್ನು ವಿಮೆಯ ಅರ್ಜಿಯಲ್ಲಿ ಮರೆಮಾಚಿರಬಾರದು. ಒಂಟಿಯಾಗಿ ಹೋದವರು ರಾತ್ರಿ ಮೈ ಸರಿಯಿಲ್ಲವೆನಿಸಿದರೆ ಬೆಳಗಾಗಲಿ ಎಂದು ಕಾಯದೆ ಹೋಟೆಲಿನ ರಿಸೆಪ್ಷನ್‌ಗೆ ಹೇಳಿ, ಗ್ರಾಹಕರ ಕಡೆಯ ಒಬ್ಬರ ಮೊಬೈಲ್ ಸಂಖ್ಯೆಯನ್ನು ಮೊದಲ ದಿನವೇ ಪಡೆದಿಟ್ಟುಕೊಳ್ಳಿ. ಕೆಲಸದ ಒತ್ತಡಕ್ಕಿಂತ ನಿಮ್ಮ ಜೀವ ದೊಡ್ಡದು, ಈ ಒಂದು ವಿಷಯದಲ್ಲಿ ಸಂಕೋಚಕ್ಕೆ ಜಾಗವೇ ಇಲ್ಲ.

ಹತ್ತನೆಯ ಹಂತ: ಮರಳಿ ಬಂದ ವಾರದಲ್ಲಿ

ಲಗೇಜ್ ಪರಿಹಾರ, ವಿಮಾನದ ಪರಿಹಾರ, ವಿಮೆ, ಕಂಪನಿಯ ಖರ್ಚಿನ ಲೆಕ್ಕ ಈ ನಾಲ್ಕಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಗಡುವು. ಬಿಸಿಲಿಗೆ ಬೇಗ ಮಾಸಿಹೋಗುವ ರಸೀದಿಗಳನ್ನು ಮೊದಲು ಸ್ಕ್ಯಾನ್ ಮಾಡಿ. ಒಂದೇ ಖರ್ಚನ್ನು ಎರಡು ಕಡೆ ಕೇಳಬೇಡಿ, ಸಿಕ್ಕಿಬಿದ್ದರೆ ಎರಡೂ ಹೋಗುತ್ತವೆ. ವಿದೇಶಿ ಹಣ ತುಂಬಿಸಿಕೊಂಡು ಹೋದ ಫಾರೆಕ್ಸ್ ಕಾರ್ಡಿನಲ್ಲಿ ಉಳಿದ ಹಣವನ್ನು ಮರಳಿಸಿ, ಕಾರ್ನೆಯ ಪುಸ್ತಕವನ್ನು ನಾಲ್ಕೂ ಮುದ್ರೆಗಳೊಂದಿಗೆ ಕಚೇರಿಗೆ ಒಪ್ಪಿಸಿ, ಕಾರ್ಡಿನ ವಿದೇಶದ ಬಳಕೆಯನ್ನು ಮತ್ತೆ ಮುಚ್ಚಿ. ಷೆಂಗೆನ್‌ಗೆ ಬಂದ ಮತ್ತು ಹೋದ ದಿನಾಂಕಗಳನ್ನು ಒಂದು ಕಡೆ ಬರೆದಿಡಿ, ಮುಂದಿನ ಪ್ರಯಾಣಕ್ಕೆ ಕಚೇರಿಯಿಂದ ಕರೆ ಬಂದಾಗ 180 ದಿನಗಳ ಲೆಕ್ಕವನ್ನು ಅದರಿಂದಲೇ ಶುರುಮಾಡಬೇಕು.